ಕಬ್ಬಿಣದ ಮಾತ್ರೆ ಬರೆಯುವ ಮೊದಲು ರಿಪೋರ್ಟ್ ಓದಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಗರ್ಭಿಣಿಯರಿಗೆ ಥಲಸ್ಸೇಮಿಯಾ ತಪಾಸಣೆ ಮಾಡಿಸುವ ಬಗ್ಗೆ.

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಹತ್ತಿರ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಮಾಸ್ತರ. 22 ವರ್ಷದಿಂದ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೇನೆ. ಮೆಂಡೆಲ್, ಬಟಾಣಿ ಗಿಡ, ಅಪ್ಪ ಅವ್ವನಿಂದ ಮಕ್ಕಳಿಗೆ ಏನು ಬರುತ್ತದೆ ಅಂತ ತೋರಿಸಲು ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ. ಆ ಚೌಕದ ಒಂದು ಮನೆಯಲ್ಲಿ ಈಗ ನನ್ನ ತಮ್ಮನ ಮಗಳು ಇದ್ದಾಳೆ. ಅವಳಿಗೆ 6 ವರ್ಷ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಿಕೊಂಡು ಬದುಕುತ್ತಿದ್ದಾಳೆ. ಅವಳಿಗಿರುವ ಕಾಯಿಲೆಯ ಹೆಸರು ಬೀಟಾ ಥಲಸ್ಸೇಮಿಯಾ ಮೇಜರ್, ದೇಹ ತನಗೆ ಬೇಕಾದಷ್ಟು ರಕ್ತ ತಯಾರಿಸಲಾಗದ ಅನುವಂಶೀಯ ಕಾಯಿಲೆ. ನಮ್ಮ ಮನೆಯಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ. ಕೇಳಬೇಕಾದ್ದನ್ನು ಆಮೇಲೆ ಕೇಳುತ್ತೇನೆ.

2017ರಲ್ಲಿ ತಮ್ಮನಿಗೆ ನಮ್ಮ ಅಕ್ಕನ ಮಗಳನ್ನೇ ತಂದುಕೊಂಡೆವು. ನಮ್ಮ ಭಾಗದಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು ಎನ್ನುವ ಮಾತು ಇನ್ನೂ ಇದೆ. ಗೊತ್ತಿರುವ ಮನೆ, ಕಣ್ಣೆದುರು ಬೆಳೆದ ಹುಡುಗಿ, ಕೊಡುವ ತಗೊಳ್ಳುವ ಮಾತಿಲ್ಲ. ನಾನೇ ಮುಂದೆ ನಿಂತು ಮಾಡಿಸಿದ ಮದುವೆ ಅದು. ವರ್ಷ ವರ್ಷ ಆ ಚೌಕ ಬರೆಯುವ ನನಗೆ ಆ ದಿನ ಅದು ನೆನಪಿಗೆ ಬರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

2019ರ ಮಾರ್ಚ್‌ನಲ್ಲಿ ಕೂಸು ಹುಟ್ಟಿತು. ಮೂರು ಕೆಜಿ ತೂಕ. ಐದು ತಿಂಗಳು ಏನೂ ತೊಂದರೆ ಇರಲಿಲ್ಲ. ಆರನೇ ತಿಂಗಳಿಂದ ಮೈ ಬಿಳಚತೊಡಗಿತು. ಹಾಲು ಕುಡಿಯುತ್ತ ಕುಡಿಯುತ್ತಲೇ ದಣಿದು ಬಿಟ್ಟುಬಿಡುತ್ತಿತ್ತು. ಒಂದು ಆಸ್ಪತ್ರೆಗೆ ಒಯ್ದೆವು. “ರಕ್ತ ಕಮ್ಮಿ ಐತಿ, ಟಾನಿಕ್ ಬರದೀನಿ, ಹಾಕ್ರಿ” ಎಂದರು. ಕಬ್ಬಿಣದ ಡ್ರಾಪ್ಸ್. ಮಲ ಕಪ್ಪಾಯಿತು, ರಕ್ತ ಏರಲಿಲ್ಲ. ಇನ್ನೊಂದು ಆಸ್ಪತ್ರೆ. ಬೇರೆ ಕಂಪನಿಯ ಕಬ್ಬಿಣ, ಜಾಸ್ತಿ ಡೋಸು. ಹೊಟ್ಟೆ ಉಬ್ಬತೊಡಗಿತು. ಜಂತು ಇರಬೇಕು ಅಂತ ಅದಕ್ಕೊಂದು ಔಷಧಿ. ನಮ್ಮ ಅವ್ವ ಬಾದಾಮಿ ಬನಶಂಕರಿಗೆ ಹರಕೆ ಹೊತ್ತಳು. ಓಣಿಯವರು ತಾಯಿಯ ಎದೆಹಾಲು ತೆಳ್ಳಗಿದೆ ಎಂದರು. ಆ ಮಾತು ಕೇಳಿದ ದಿನ ಆ ಹುಡುಗಿ ಒಳಗೆ ಹೋಗಿ ಕದ ಹಾಕಿಕೊಂಡಳು, ಸಂಜೆಯವರೆಗೆ ತೆಗೆಯಲಿಲ್ಲ.

2020ರ ಫೆಬ್ರವರಿಯಲ್ಲಿ ಕೂಸು ಕಣ್ಣು ಮೇಲೆ ಮಾಡಿತು. ಬಾಗಲಕೋಟೆಗೆ ಓಡಿದೆವು. ಹಿಮೋಗ್ಲೋಬಿನ್ 4.2. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಹೊಟ್ಟೆ ಮುಟ್ಟಿ ನೋಡಿದರು. ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗಿತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ತಂದಿ ತಾಯಿ ಸಂಬಂಧದಾಗ ಮದುವಿ ಆಗ್ಯಾರೇನು?” ಐದು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲನೆಯವರು ಅವರು. ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ನೋಡುವ ರಕ್ತಪರೀಕ್ಷೆ ಮಾಡಿಸಿದರು. ನಾವು ಕೊಟ್ಟದ್ದು 900 ರೂಪಾಯಿ. ನಾಲ್ಕನೇ ದಿನ ಉತ್ತರ ಬಂತು.

ರಿಪೋರ್ಟ್ ಬಂದ ರಾತ್ರಿ ಮನೆಯಲ್ಲಿ ಟ್ರಂಕಿನಿಂದ ಕೂಸಿನ ಅವ್ವನ ಬಸುರಿನ ಫೈಲು ಹೊರತೆಗೆದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ಚಿತ್ರ, ಪ್ಲಾಸ್ಟಿಕ್ ಕವರಿನಲ್ಲಿ ಮೂರು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ರಿಪೋರ್ಟು. ಮೊದಲ ರಿಪೋರ್ಟು ಮೂರನೇ ತಿಂಗಳಿನದು. ಹಿಮೋಗ್ಲೋಬಿನ್ 9.6. ಅದರ ಸುತ್ತ ಪೆನ್ನಿನಿಂದ ಒಂದು ಗುಂಡು, ಪಕ್ಕದಲ್ಲಿ “ಐರನ್ 2” ಅಂತ ಬರಹ. ಅದೇ ಹಾಳೆಯಲ್ಲಿ ಬೆರಳಗಲ ಕೆಳಗೆ ಇನ್ನೆರಡು ಅಂಕಿ ಇದ್ದವು. ಕೆಂಪು ರಕ್ತಕಣಗಳ ಎಣಿಕೆ 5.4. ಕಣದ ಗಾತ್ರ, ಅಂದರೆ ಎಂಸಿವಿ, 60. ಅವುಗಳಿಗೆ ಯಾರೂ ಗುಂಡು ಹಾಕಿರಲಿಲ್ಲ.

ಸಾಮಾನ್ಯವಾಗಿ ಎಂಸಿವಿ 80ರಿಂದ 100 ಇರಬೇಕು. ಕಬ್ಬಿಣದ ಕೊರತೆಯಲ್ಲೂ ಅದು ಇಳಿಯುತ್ತದೆ, ಆದರೆ ಆಗ ಕಣಗಳ ಎಣಿಕೆಯೂ ಕಡಿಮೆ ಆಗುತ್ತದೆ. ಕಾಯಿಲೆ ಇಲ್ಲದೆ ಅದರ ಜೀನನ್ನು ಮಾತ್ರ ಹೊತ್ತ ಥಲಸ್ಸೇಮಿಯಾ ವಾಹಕರಲ್ಲಿ ಕಣ ಸಣ್ಣದು, ಎಣಿಕೆ ಮಾತ್ರ ಜಾಸ್ತಿ. ಎಂಸಿವಿಯನ್ನು ಎಣಿಕೆಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಇದೆಯೇ ಅಂತ ನೋಡಿ ಎಂದು ವಿಲಿಯಂ ಮೆಂಟ್ಸರ್ ಎಂಬ ವೈದ್ಯರು 1973ರಲ್ಲೇ ಬರೆದಿದ್ದಾರೆ. 60ನ್ನು 5.4ರಿಂದ ಭಾಗಿಸಿದರೆ 11. ಏಳನೇ ತರಗತಿಯ ಹುಡುಗ ಮಾಡುವ ಲೆಕ್ಕ. ಇದೊಂದರಿಂದಲೇ ಕಾಯಿಲೆ ಖಚಿತ ಆಗುವುದಿಲ್ಲ, ನಿಜ. ಆದರೆ ಮುಂದಿನ ಪರೀಕ್ಷೆ ಮಾಡಿಸಬೇಕು ಅಂತ ಆ ಹಾಳೆ ಕೂಗಿ ಹೇಳುತ್ತಿತ್ತು. ಇನ್ನೂ ಆರು ತಿಂಗಳು ಸಮಯವಿತ್ತು.

ಸಚಿವರೇ, ಆ ಟಾನಿಕ್ಕಿನ ವಿಷಯಕ್ಕೆ ಸ್ವಲ್ಪ ವಿವರವಾಗಿ ಬರುತ್ತೇನೆ. ಜೀವಕೋಶದೊಳಗೆ ಏನಾಗುತ್ತದೆ ಅಂತ ತಿಳಿದ ಮೇಲೆ ನನಗೆ ನಿದ್ದೆ ಹತ್ತಿಲ್ಲ.

ಹಿಮೋಗ್ಲೋಬಿನ್ ಅಂದರೆ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ ಕೂಡಿ ಆದದ್ದು. ಬೀಟಾ ಸರಪಳಿಯ ಜೀನು 11ನೇ ಕ್ರೋಮೋಸೋಮಿನ ಮೇಲಿದೆ. ನಮ್ಮ ಹುಡುಗಿಗೆ ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಜಿ ಇರಬೇಕಾದಲ್ಲಿ ಸಿ ಇದೆ. ಬೀಟಾ ತಯಾರಿಸುವ ಮೊದಲು ಜೀವಕೋಶ ಜೀನಿನ ನಕಲಿನಿಂದ ಕತ್ತರಿಸಿ ತೆಗೆಯಬೇಕಾದ ಭಾಗದಲ್ಲಿ ಈ ತಪ್ಪು ಬಿದ್ದಿರುವುದರಿಂದ ಕತ್ತರಿ ಬೇರೆ ಕಡೆ ಆಡುತ್ತದೆ, ಬೀಟಾ ತಯಾರಾಗುವುದೇ ಅಪರೂಪ. ಭಾರತದಲ್ಲಿ ಅತಿ ಹೆಚ್ಚು ಕಾಣುವ ಬದಲಾವಣೆಯೂ ಇದೇ. ಅಪ್ಪನಿಂದ ಒಂದು, ಅವ್ವನಿಂದ ಒಂದು, ಹೀಗೆ ಎರಡೂ ಕಡೆಯಿಂದ ಅವಳಿಗೆ ಅದೇ ಬಂತು. ಒಂದೇ ಕಡೆಯಿಂದ ಬಂದವರು ವಾಹಕರು. ಅವರು ಹೊಲ ಉಳುತ್ತಾರೆ, ಮಗ್ಗ ನಡೆಸುತ್ತಾರೆ, ಏನೂ ಗೊತ್ತಾಗುವುದಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದಾಗ ನಾನೂ ವಾಹಕ ಅಂತ ತಿಳಿಯಿತು.

ನಮ್ಮೂರು ಖಣದ ಊರು. ಇಲ್ಲಿಯವರಿಗೆ ನಾನು ಹೀಗೆ ಹೇಳುತ್ತೇನೆ: ಮಗ್ಗದ ಮೇಲೆ ಹಾಸು ಬೇಕಾದಷ್ಟಿದೆ, ಹೊಕ್ಕು ಇಲ್ಲ. ನೂಲು ಸುಮ್ನೆ ಸಿಕ್ಕುಗಟ್ಟುತ್ತದೆ. ಹಾಗೆಯೇ ಬೀಟಾ ಸಿಗದ ಆಲ್ಫಾ ಸರಪಳಿಗಳು ಕಣದೊಳಗೆ ಗಂಟುಗಟ್ಟಿ ಅದನ್ನು ಹಾಳು ಮಾಡುತ್ತವೆ. ಹೆಚ್ಚಿನ ಕಣಗಳು ಮೂಳೆಯ ಮಜ್ಜೆಯಲ್ಲೇ ಸಾಯುತ್ತವೆ, ರಕ್ತಕ್ಕೆ ಇಳಿಯುವುದೇ ಇಲ್ಲ. ರಕ್ತ ಸಾಲುತ್ತಿಲ್ಲ ಅಂತ ಮಜ್ಜೆ ಇನ್ನೂ ಜಾಸ್ತಿ ಒದ್ದಾಡುತ್ತದೆ.

ಈ ಒದ್ದಾಟದಲ್ಲಿರುವ ಮಜ್ಜೆ ಎರಿಥ್ರೋಫೆರೋನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದನ್ನು ಕಂಡುಹಿಡಿದದ್ದು 2014ರಲ್ಲಿ, ಲಾಸ್ ಏಂಜಲೀಸ್‌ನ ವಿಜ್ಞಾನಿಗಳು. ಅದು ಯಕೃತ್ತಿಗೆ ಹೋಗಿ ಹೆಪ್ಸಿಡಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹೆಪ್ಸಿಡಿನ್ ಅಂದರೆ ಕರುಳಿನ ಬಾಗಿಲಲ್ಲಿ ಕಬ್ಬಿಣವನ್ನು ತಡೆಯುವ ಕಾವಲುಗಾರ. ಕಾವಲು ಹೋದರೆ ಊಟದಲ್ಲಿನ ಕಬ್ಬಿಣ ಅಳತೆ ಮೀರಿ ಒಳಗೆ ಬರುತ್ತದೆ. ಬಂದದ್ದನ್ನು ಹೊರಗೆ ಹಾಕುವ ದಾರಿ ನಮ್ಮ ದೇಹಕ್ಕೆ ಇಲ್ಲ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ, ಹಾರ್ಮೋನು ಗ್ರಂಥಿಗಳಲ್ಲಿ ಕೂರುತ್ತದೆ. ಅಂದರೆ ಆ ಕೂಸಿಗೆ ಕಬ್ಬಿಣದ ಕೊರತೆ ಇರಲಿಲ್ಲ, ಕಬ್ಬಿಣದ ಬಾಗಿಲು ಹಾರು ಹೊಡೆದಿತ್ತು. ಅದೇ ಬಾಗಿಲಿನಿಂದ ಐದು ತಿಂಗಳು, ದಿನಕ್ಕೆ ಎರಡು ಹೊತ್ತು, ನಾವು ಕಬ್ಬಿಣ ಸುರಿದೆವು. ಚಮಚ ಹಿಡಿದದ್ದು ಎಷ್ಟೋ ಸಲ ನನ್ನ ಕೈ.

ಮೊದಲ ಐದು ತಿಂಗಳು ಅವಳು ಆರಾಮಾಗಿ ಇದ್ದಳಲ್ಲ, ಅದಕ್ಕೂ ಕಾರಣ ಇದೆ. ಹೊಟ್ಟೆಯೊಳಗಿನ ಕೂಸಿಗೆ ಬೇರೆ ಹಿಮೋಗ್ಲೋಬಿನ್ ಇರುತ್ತದೆ. ಅದಕ್ಕೆ ಬೀಟಾ ಬೇಡ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹ ಅದನ್ನು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್‌ಗೆ ಹೊರಳುತ್ತದೆ. ಹೊರಳಿಸುವ ಸ್ವಿಚ್ಚು ಬಿಸಿಎಲ್11ಎ ಎಂಬ ಪ್ರೋಟೀನು ಅಂತ 2008ರಲ್ಲಿ ಗೊತ್ತಾಯಿತು. ಆ ಸ್ವಿಚ್ಚನ್ನು ರಕ್ತಕಣದ ಮೂಲಕೋಶಗಳಲ್ಲಿ ಆರಿಸಿಬಿಟ್ಟರೆ? ಕೂಸಿನ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ. ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಅದನ್ನೇ ಮಾಡುವ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಥಲಸ್ಸೇಮಿಯಾಗೆ ಬಳಸಲು ಅಮೆರಿಕ 2024ರ ಜನವರಿಯಲ್ಲಿ ಕೊಟ್ಟಿತು. ಪ್ರಯೋಗದಲ್ಲಿ ಸಾಕಷ್ಟು ಕಾಲ ನೋಡಿದ 35 ಜನರಲ್ಲಿ 32 ಮಂದಿ ಒಂದು ವರ್ಷಕ್ಕೂ ಮೇಲೆ ರಕ್ತ ಹಾಕಿಸಿಕೊಳ್ಳದೆ ಇದ್ದರು. ಇದನ್ನು ಓದಿದ ದಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತಿದ್ದೇನೆ.

ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮ ದುಡ್ಡಿನಲ್ಲಿ 18 ಕೋಟಿಗೂ ಜಾಸ್ತಿ. ಅದಕ್ಕೆ ಮೊದಲು ಕೀಮೋಥೆರಪಿ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು. ಒಪ್ಪಿಗೆ ಸಿಕ್ಕಿದ್ದು 12 ವರ್ಷ ಮೇಲ್ಪಟ್ಟವರಿಗೆ. ಅದನ್ನು ನಾಳೆಯೇ ಬಾಗಲಕೋಟೆಗೆ ತನ್ನಿ ಅಂತ ನಾನು ಕೇಳುವುದಿಲ್ಲ. ನಾನು ಕೇಳುವುದು 900 ರೂಪಾಯಿಯದು. ಜೀನಿನ ಒಂದು ಅಕ್ಷರವನ್ನು ಓದಿ, ಸ್ವಿಚ್ಚು ಆರಿಸುವಷ್ಟು ಜ್ಞಾನ ಜಗತ್ತಿಗೆ ಬಂದಿದೆ. ನಮ್ಮ ತಾಲ್ಲೂಕಿಗೆ ಆ ಜ್ಞಾನದ ಮೊದಲ ಮೆಟ್ಟಿಲಾದರೂ ಬರಬೇಕಲ್ವಾ?

ಮೂರು ವಾರಕ್ಕೊಮ್ಮೆಯ ನಮ್ಮ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಬಾಗಲಕೋಟೆ ಬಸ್ಸು. ತಮ್ಮ ಅವತ್ತು ಮಗ್ಗಕ್ಕೆ ಹೋಗುವುದಿಲ್ಲ, ಅವತ್ತಿನ ಕೂಲಿ ಇಲ್ಲ. ಮೊದಲು ದಾನಿಯ ರಕ್ತ ಹೊಂದುತ್ತದೆಯೇ ಅಂತ ನೋಡುವ ಕ್ರಾಸ್ ಮ್ಯಾಚ್, ಆಮೇಲೆ ಚೀಲ ಬರುವವರೆಗೆ ಕಾಯುವುದು. ಸೂಜಿ ಹಾಕಲು ನರ ಸಿಗುವುದಿಲ್ಲ. ಎಡಗೈ ನೋಡಿ, ಬಲಗೈ ನೋಡಿ, ಒಮ್ಮೊಮ್ಮೆ ಪಾದಕ್ಕೆ ಬರುತ್ತಾರೆ. ಕೈ ಅಲುಗಾಡದಂತೆ ರಟ್ಟಿನ ತುಂಡಿಗೆ ಪಟ್ಟಿ ಸುತ್ತುತ್ತಾರೆ. ಅವಳು ಈಗ ಅಳುವುದಿಲ್ಲ. ಚೀಲದ ಮೇಲಿನ ಅಕ್ಷರ ನೋಡುತ್ತಾ ಮಲಗುತ್ತಾಳೆ. ಶಾಲೆಗೆ ಸೇರುವ ಮೊದಲೇ ಅವಳು ಓದಲು ಕಲಿತ ಇಂಗ್ಲಿಷ್ ಅಕ್ಷರ ‘ಬಿ’. ಅದು ಅವಳ ರಕ್ತದ ಗುಂಪು. ಕೋವಿಡ್ ಲಾಕ್‌ಡೌನ್‌ನಲ್ಲಿ ರಕ್ತ ಕೊಡುವವರೇ ಇಲ್ಲದಾಗ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಬೈಕಿನ ಮೇಲೆ ಬಂದು ಕೊಟ್ಟು ಹೋದರು. ಆ ಹುಡುಗರ ಋಣ ತೀರುವುದಿಲ್ಲ.

ಒಂದು ಚೀಲ ರಕ್ತದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಇರುತ್ತದೆ. ಆರೋಗ್ಯವಂತ ದೇಹ ದಿನಕ್ಕೆ ತೆಗೆದುಕೊಳ್ಳುವುದು ಒಂದೆರಡು ಮಿಲಿಗ್ರಾಂ. ಹಾಗಾಗಿ ಬದುಕಿಸುವ ರಕ್ತವೇ ಕಬ್ಬಿಣವನ್ನೂ ತುಂಬುತ್ತದೆ. ಅದನ್ನು ಹೊರಗೆ ತೆಗೆಯಲು ಡಿಫೆರಾಸಿರಾಕ್ಸ್ ಮಾತ್ರೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೋಟದ ನೀರಿನಲ್ಲಿ ಕದಡಿ ಕುಡಿಯಬೇಕು. ಸುಣ್ಣದ ನೀರಿನಂತೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಅವಳ ಅವ್ವ ಮತ್ತೆ ಸ್ವಲ್ಪ ನೀರು ಹಾಕಿ, ಲೋಟ ತಿರುಗಿಸಿ, “ಇಷ್ಟ ಕುಡಿ ಯವ್ವಾ, ಇಷ್ಟ ಆತು” ಅಂತ ಕುಡಿಸುತ್ತಾಳೆ. ಮಾತ್ರೆ ಇದ್ದರೆ ಸರಿ. ಸ್ಟಾಕ್ ಇಲ್ಲ ಎಂದರೆ ಹೊರಗೆ ಕೊಳ್ಳಬೇಕು. ನೇಯುವವನ ದುಡಿಮೆಗೆ ಅದು ಹೊರೆ.

ಕಳೆದ ವರ್ಷ ಅವಳು ಒಂದನೇ ತರಗತಿಗೆ ಸೇರಿದಳು. ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ವಾರಕ್ಕೊಮ್ಮೆ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ, ತಮಗೆ ಗೊತ್ತಿದೆ. ಎರಡನೇ ವಾರವೇ ಅವಳು ಮಾತ್ರೆ ನುಂಗಿ ಬಂದಳು. ಎಲ್ಲರಿಗೂ ಕೊಟ್ಟರು, ನನಗೂ ಕೊಟ್ಟರು ಅಂತ ಖುಷಿಯಿಂದ ಹೇಳಿದಳು. ಬೆಳಿಗ್ಗೆ ಮನೆಯಲ್ಲಿ ಕಬ್ಬಿಣ ತೆಗೆಯುವ ಮಾತ್ರೆ, ಮಧ್ಯಾಹ್ನ ಶಾಲೆಯಲ್ಲಿ ಕಬ್ಬಿಣ ಹಾಕುವ ಮಾತ್ರೆ! ಅಲ್ಲಿನ ಗುರುಗಳಿಗೆ ನಾನೇ ಹೋಗಿ ಹೇಳಿ ಬಂದೆ. ಪಾಪ, ಅವರಿಗೆ ಕೊಟ್ಟ ಸೂಚನೆಯಲ್ಲಿ ಇಂಥ ಮಕ್ಕಳ ಮಾತೇ ಇರಲಿಲ್ಲವಂತೆ.

ಕಬ್ಬಿಣದ ಮಾತ್ರೆ ಬೇಡ ಅಂತ ಯಾರೂ ಇದನ್ನು ಓದಿಕೊಳ್ಳಬಾರದು. ನಮ್ಮ ಹೈಸ್ಕೂಲಿನಲ್ಲಿ ನೀಲಿ ಮಾತ್ರೆ ಹಂಚುವವನು ನಾನೇ. ನುಂಗುವವರೆಗೆ ಎದುರಿಗೇ ನಿಂತಿರುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇದೆ. ಅವರಲ್ಲಿ ಬಹಳ ಮಕ್ಕಳಿಗೆ ಕಬ್ಬಿಣ ಬೇಕೇ ಬೇಕು. ನನ್ನ ದೂರು ಇಷ್ಟೇ: ರಕ್ತ ಕಮ್ಮಿ ಅಂದ ಕೂಡಲೇ ಕಬ್ಬಿಣ ಬರೆದು ಮುಗಿಸುತ್ತಾರೆ. ಎರಡು ತಿಂಗಳಾದರೂ ಏರದಿದ್ದರೆ ಯಾಕೆ ಏರಲಿಲ್ಲ ಅಂತ ಕೇಳುವುದಿಲ್ಲ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ಕೆಲಸಗಳನ್ನು ಹೇಳಿದ್ದಾರೆ. ಆರನೆಯದು ಆಹಾರಕ್ಕೆ ಸಂಬಂಧಿಸದ ಕಾರಣಗಳನ್ನು ಹುಡುಕುವುದು. ಮಲೇರಿಯಾ, ಫ್ಲೋರೋಸಿಸ್, ಹಿಮೋಗ್ಲೋಬಿನ್ ಕಾಯಿಲೆಗಳು ಅಂತ ಹೆಸರು ಹಿಡಿದು ಬರೆದಿದ್ದಾರೆ. ಮಾತ್ರೆ ನಮ್ಮೂರ ತನಕ ಬಂತು. ಆರನೆಯ ಕೆಲಸವನ್ನು ನಾನು ನಮ್ಮೂರಲ್ಲಿ ಕಂಡಿಲ್ಲ.

ಪರೀಕ್ಷೆಯಿಂದ ಏನಾಗುತ್ತದೆ ಅನ್ನುವವರಿಗೆ ನಮ್ಮ ಮನೆಯಲ್ಲೇ ಉತ್ತರ ಇದೆ. 2022ರಲ್ಲಿ ತಮ್ಮನ ಹೆಂಡತಿ ಮತ್ತೆ ಬಸುರಿಯಾದಳು. ಈ ಸಲ ನಮಗೆ ಗೊತ್ತಿತ್ತು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಕೂಸಿಗೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಎನ್ನುವ ಲೆಕ್ಕ ತಪ್ಪು. ಹನ್ನೊಂದನೇ ವಾರ ಬೆಂಗಳೂರಿಗೆ ಕರೆದೊಯ್ದು, ಮಾಸಿನಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬರುವ ತನಕ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಕೂಸು ಬರೀ ವಾಹಕ ಅಂತ ಬಂತು. ಹುಟ್ಟಿದ್ದು ಗಂಡು. ಈಗ ಅಂಗನವಾಡಿಗೆ ಹೋಗುತ್ತಾನೆ. ಕಸಿ ಮಾಡಲು ಅವನ ಮಜ್ಜೆ ಅಕ್ಕನಿಗೆ ಹೊಂದಬಹುದೇನೋ ಅಂತ ಆಸೆ ಇತ್ತು. ಹೊಂದಲಿಲ್ಲ. ಒಡಹುಟ್ಟಿದವರಲ್ಲಿ ಹೊಂದುವ ಸಾಧ್ಯತೆಯೂ ನಾಲ್ಕರಲ್ಲಿ ಒಂದೇ.

ಸಚಿವರೇ, ಈಗ ನನ್ನ ಬೇಡಿಕೆ. ಗರ್ಭಿಣಿಯ ಮೊದಲ ತಪಾಸಣೆಯಲ್ಲಿ ಸಿಬಿಸಿ ಮಾಡಿದಾಗ ಎಂಸಿವಿ ಮತ್ತು ಕಣಗಳ ಎಣಿಕೆಯನ್ನೂ ತಾಯಿ ಕಾರ್ಡಿನಲ್ಲಿ ಬರೆಯುವಂತೆ ಆದೇಶ ಮಾಡಿ. ಒಂದು ಕಾಲಂ ಸಾಕು. ಇದಕ್ಕೆ ಹೊಸ ಯಂತ್ರ ಬೇಡ, ಆ ಅಂಕಿ ಈಗಾಗಲೇ ಹಾಳೆಯ ಮೇಲಿದೆ. ಅನುಮಾನ ಬಂದವರಿಗೆ ಬಸುರಿನ ಮೂರು ತಿಂಗಳೊಳಗೆ ಸರ್ಕಾರದ ಖರ್ಚಿನಲ್ಲಿ ಎಚ್‌ಪಿಎಲ್‌ಸಿ ಆಗಲಿ. ಹೆಂಡತಿ ವಾಹಕಿ ಎಂದು ಬಂದರೆ ಅದೇ ವಾರ ಗಂಡನದೂ ಆಗಲಿ. ಇಬ್ಬರೂ ವಾಹಕರಾದರೆ ಕೂರಿಸಿಕೊಂಡು ಸಮಾಧಾನದಿಂದ ತಿಳಿಸಿ ಹೇಳುವವರು ಜಿಲ್ಲೆಯಲ್ಲಿ ಒಬ್ಬರಾದರೂ ಇರಲಿ. ಮುಂದಿನ ಪರೀಕ್ಷೆಗೆ ಬೆಂಗಳೂರಿಗೆ ಹೋಗುವ ಖರ್ಚು ಎಲ್ಲರ ಹತ್ತಿರ ಇರುವುದಿಲ್ಲ. ಸ್ಯಾಂಪಲ್ ಹೋಗಲಿ, ಬಸುರಿ ಹೆಣ್ಣುಮಗಳು ಬಸ್ಸಿನಲ್ಲಿ ಅಲೆಯುವುದು ಬೇಡ. ಅದಕ್ಕೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗೆ ಸೇರಿ ಒಂದು ವ್ಯವಸ್ಥೆ ಆದರೂ ಸಾಕು.

ಕಬ್ಬಿಣದ ಔಷಧಿಗೆ ಏರದ ಮಗುವಿನ ವಿಷಯದಲ್ಲಿ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ, ನಮ್ಮಂಥ ಮಾಸ್ತರರಿಗೆ ಒಂದೇ ಸಾಲಿನ ಸೂಚನೆ ಕೊಡಿ: ಏರಲಿಲ್ಲ ಅಂದರೆ ಇನ್ನೊಂದು ಬಾಟಲಿ ಬೇಡ, ಪರೀಕ್ಷೆಗೆ ಕಳಿಸಿ. ಥಲಸ್ಸೇಮಿಯಾ ಮಕ್ಕಳ ಹೆಸರು ಶಾಲೆಗೆ ಗುಟ್ಟಾಗಿ ತಲುಪಲಿ, ಅವರಿಗೆ ಆ ಗುಲಾಬಿ ಮಾತ್ರೆ ಕೊಡಬಾರದು. ಕಬ್ಬಿಣ ತೆಗೆಯುವ ಮಾತ್ರೆಯ ಸ್ಟಾಕು ಒಂದು ದಿನವೂ ತಪ್ಪಬಾರದು. ಇಂಥ ಮಕ್ಕಳಿಗೆ ಉಚಿತವಾಗಿ ರಕ್ತ ಕೊಡಬೇಕು ಅಂತ ರಾಷ್ಟ್ರೀಯ ಮಾರ್ಗಸೂಚಿ ಇದೆ. ಹಾಗಿದ್ದ ಮೇಲೆ ಪ್ರತಿ ಸಲ ಬದಲಿ ದಾನಿಯನ್ನು ಕರೆತನ್ನಿ ಅಂತ ಅಪ್ಪನನ್ನು ಓಡಾಡಿಸಬಾರದು.

ಇನ್ನೊಂದು ಮಾತು, ಇದನ್ನು ಮರೆಯದೆ ನೋಡಬೇಕು. ಪರೀಕ್ಷೆಯ ಫಲಿತಾಂಶ ಆ ವ್ಯಕ್ತಿಯ ಕೈಗೆ ಮಾತ್ರ ಹೋಗಬೇಕು. ವಾಹಕಿ ಎಂಬ ಮಾತು ಊರಲ್ಲಿ ಹರಡಿದರೆ ಹುಡುಗಿಯ ಮದುವೆ ನಿಲ್ಲುತ್ತದೆ, ಹುಡುಗನದಲ್ಲ. ನಮ್ಮ ಮನೆಯಲ್ಲೂ ಎಲ್ಲರ ಕಣ್ಣು ಮೊದಲು ಹೋದದ್ದು ಸೊಸೆಯ ಕಡೆ. ಗಂಡನೂ ಅಷ್ಟೇ ಪಾಲುದಾರ, ಮೈದುನರು, ಮಾವಂದಿರು ವಾಹಕರಿರಬಹುದು ಅಂತ ಕರಿಹಲಗೆಯ ಮೇಲೆ ಚೌಕ ಬರೆದು ನಾನು ಮನೆಯವರಿಗೆ ಪಾಠ ಮಾಡಬೇಕಾಯಿತು. ಸಂಬಂಧದಲ್ಲಿ ಮದುವೆಯಾದರೆ ಇಬ್ಬರೂ ವಾಹಕರಾಗುವ ಸಾಧ್ಯತೆ ಜಾಸ್ತಿ. ಹೊರಗಿನ ಸಂಬಂಧದಲ್ಲೂ ಇಬ್ಬರು ವಾಹಕರು ಸೇರಬಹುದು. ಹಾಗಾಗಿ ತಪಾಸಣೆ ಎಲ್ಲರಿಗೂ ಆಗಬೇಕು, ಯಾವುದೋ ಒಂದು ಜಾತಿಗೋ ಓಣಿಗೋ ಅಲ್ಲ.

ತಾವು ಬಾಗಲಕೋಟೆಗೆ ಬಂದಾಗ ರಕ್ತ ಹಾಕುವ ವಾರ್ಡಿಗೆ ಹತ್ತು ನಿಮಿಷ ಬನ್ನಿ. ಮುನ್ಸೂಚನೆ ಇಲ್ಲದೆ ಬಂದರೆ ಇನ್ನೂ ಒಳ್ಳೆಯದು. ಈ ಕೆಲಸ ಎಲ್ಲಿಂದಾದರೂ ಶುರು ಆಗಬೇಕು ಎಂದರೆ ನಮ್ಮ ಶಾಲೆಯಿಂದ ಶುರು ಮಾಡಿ. ಪ್ರತಿ ವರ್ಷ ಹತ್ತನೇ ತರಗತಿಯ ಪಾಲಕರನ್ನು ಕರೆದು ತಿಳಿಸಿ ಹೇಳುವುದು, ಒಪ್ಪಿದವರ ಸಹಿ ತರುವುದು, ಮಕ್ಕಳನ್ನು ಸಾಲಾಗಿ ಕೂರಿಸುವುದು ನನ್ನ ಜವಾಬ್ದಾರಿ. ರಕ್ತ ತೆಗೆಯುವವರನ್ನು ಮಾತ್ರ ತಾವು ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಮಾಸ್ತರ, ಆ ಹುಡುಗಿಯ ದೊಡ್ಡಪ್ಪ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ